ಮಿದುಳು ದಾರಿ ತಿಳಿಯುವ ಬಗೆ

ಇಂದ್ರಿಯಗಳು ಐದೆಂದು ನಾವೆಲ್ಲರೂ ಕೆಳತರಗತಿಯಲ್ಲಿ ಬಾಯಿಪಾಠ ಮಾಡಿದವರೇ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಬೆರಳು ಮಡಿಸಿ ಎಣಿಸಿದರೆ ಆ ದಿನದ ಪಾಠವು ಮುಗಿಯುತ್ತಿತ್ತು. ಈಗ ಒಂದು ಪ್ರಶ್ನೆಯನ್ನು ಕೇಳೋಣ. ನಡುರಾತ್ರಿಯಲ್ಲಿ ವಿದ್ಯುದ್ದೀಪವು ಆರಿಹೋಗಿದೆ. ಮನೆಯೊಡತಿಯು ಹಾಸಿಗೆಯಿಂದೆದ್ದು, ಮಲಗಿರುವ ಮಕ್ಕಳನ್ನು ತುಳಿಯದೆ, ಹೊಸ್ತಿಲನ್ನು ಎಡವದೆ, ನಡುಮನೆಯ ಕಂಬವನ್ನು ಬಳಸಿಕೊಂಡು ಅಡಿಗೆಮನೆಗೆ ಹೋಗಿ ನೀರಿನ ಕೊಡದ ಮೇಲೆ ನೆಟ್ಟಗೆ ಕೈಯಿಡುತ್ತಾಳೆ. ಕಣ್ಣಿಗೆ ಏನೂ ಕಾಣುವದಿಲ್ಲ, ಕೊಡವು ಸದ್ದು ಮಾಡುವದಿಲ್ಲ, ನೀರಿಗೆ ವಾಸನೆಯಿಲ್ಲ. ಹಾಗಾದರೆ ಅವಳಿಗೆ ದಾರಿಯನ್ನು ತೋರಿಸಿದ ಇಂದ್ರಿಯವು ಯಾವದು?

ಅಭ್ಯಾಸಬಲವೆಂದು ಕೆಲವರು ಉತ್ತರ ಕೊಡಬಹುದು. ಉತ್ತರವು ಸುಳ್ಳಲ್ಲ, ಆದರೆ ಆ ಅಭ್ಯಾಸವು ದೇಹದ ಯಾವ ಭಾಗದಲ್ಲಿ, ಎಂಥ ರೂಪದಲ್ಲಿ ಉಳಿದಿರುತ್ತದೆಂಬದನ್ನು ಅದು ತಿಳಿಸುವದಿಲ್ಲ. ಕಳೆದ ಎಪ್ಪತ್ತೆಂಬತ್ತು ವರ್ಷಗಳಿಂದ ಹಲವು ದೇಶಗಳ ಶಾಸ್ತ್ರಜ್ಞರು ಈ ಸಣ್ಣ ಪ್ರಶ್ನೆಯ ಬೆನ್ನುಹತ್ತಿ ಹೋಗಿ ಮಿದುಳಿನ ಬಹು ಆಳದ ಒಂದು ಮೂಲೆಯನ್ನು ಮುಟ್ಟಿರುವರು. ಅವರು ಅಲ್ಲಿ ಕಂಡದ್ದನ್ನು ಸಾಧ್ಯವಾದಷ್ಟು ಸುಲಭವಾಗಿ ತಿಳಿಸುವದು ಈ ಲೇಖನದ ಉದ್ದೇಶವು. ಈ ಶೋಧನೆಗಳಲ್ಲಿ ಮುಂದಾಳುಗಳಾಗಿ ನಿಂತವರೊಳಗೆ ಸ್ತ್ರೀಯರು ಅನೇಕರಿರುವರಾದ್ದರಿಂದ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಇದು ತಕ್ಕ ವಿಷಯವೆಂದೂ ನಮಗೆ ತೋರಿತು.

ಮೊದಲು ಇಲಿಗಳ ಕಥೆ. ಅಮೇರಿಕಾ ದೇಶದ ಬರ್ಕ್ಲಿ ನಗರದ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಟೋಲ್ಮನ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಆ ಕಾಲದ ಬಹುಮಂದಿ ಪಂಡಿತರು, ಪ್ರಾಣಿಯು ದಾರಿ ಕಲಿಯುವದೆಂದರೆ "ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ" ಎಂಬ ತಿರುವುಗಳ ಸರಪಣಿಯನ್ನು ಗಟ್ಟಿಮಾಡಿಕೊಳ್ಳುವದೇ ಹೊರತು ಬೇರೇನೂ ಅಲ್ಲವೆಂದು ನಂಬಿದ್ದರು. ಟೋಲ್ಮನರು ಇದನ್ನು ಒಪ್ಪಲಿಲ್ಲ. ೧೯೪೬ರಲ್ಲಿ ಅವರೂ ಅವರ ಸಂಗಡಿಗರೂ ಕೆಲವು ಇಲಿಗಳಿಗೆ ಸುತ್ತುಬಳಸಿನ ಒಂದೇ ಓಣಿಯಿಂದ ಹೋಗಿ ಆಹಾರವನ್ನು ಮುಟ್ಟುವದನ್ನು ಕಲಿಸಿದರು. ಬಳಿಕ ಆ ಓಣಿಯನ್ನು ಮುಚ್ಚಿ, ಸೂರ್ಯನ ಕಿರಣಗಳಂತೆ ಎಲ್ಲ ಕಡೆಗೂ ಚಾಚಿದ ಹಲವು ಹೊಸ ಓಣಿಗಳನ್ನು ತೆರೆದಿಟ್ಟರು. ಕಲಿತ ಸರಪಣಿಯು ಹರಿದುಹೋಯಿತು. ಇಲಿಯು ಇನ್ನು ಏನು ಮಾಡಬೇಕು? ಹಳೆಯ ಓಣಿಯ ಪಕ್ಕದ್ದನ್ನು ಹಿಡಿಯಬಹುದೆಂದು ಯಾರಾದರೂ ಎಣಿಸುವರು. ಆದರೆ ಬೇರೆ ಯಾವ ಓಣಿಗಿಂತಲೂ ಹೆಚ್ಚಾಗಿ ಇಲಿಗಳು ಹಿಡಿದದ್ದು ಆಹಾರವಿದ್ದ ಸ್ಥಳಕ್ಕೆ ನೇರವಾಗಿ ಹೋಗುವ ಓಣಿಯನ್ನೇ. ಆ ಓಣಿಯಲ್ಲಿ ಅವು ಹಿಂದೆಂದೂ ಕಾಲಿಟ್ಟಿರಲಿಲ್ಲ. ಇಲಿಯ ತಲೆಯಲ್ಲಿ ತಿರುವುಗಳ ಪಟ್ಟಿಯಲ್ಲ, ಊರಿನ ನಕ್ಷೆಯಂಥದೇ ಏನೋ ಇರಬೇಕೆಂದು ಟೋಲ್ಮನರು ೧೯೪೮ರ ಒಂದು ಲೇಖನದಲ್ಲಿ ಬರೆದರು. ನಕ್ಷೆಯು ಎಲ್ಲಿದೆ ಎಂದು ಕೇಳಿದವರಿಗೆ ಉತ್ತರ ಕೊಡುವ ಉಪಕರಣಗಳು ಆಗ ಇರಲಿಲ್ಲ.

ಉತ್ತರದ ಒಂದು ಎಳೆ ಬೇರೊಂದು ಕಡೆಯಿಂದ, ಅದೂ ಒಬ್ಬ ಮನುಷ್ಯನ ದುರ್ದೈವದಿಂದ ದೊರೆಯಿತು. ಹೆನ್ರಿ ಮೊಲೈಸನ್ ಎಂಬ ತರುಣನು ಅಮೇರಿಕಾದ ಕನೆಕ್ಟಿಕಟ್ ಸಂಸ್ಥಾನದವನು, ೧೯೨೬ರಲ್ಲಿ ಹುಟ್ಟಿದವನು. ಔಷಧಕ್ಕೆ ಬಗ್ಗದ ಮೂರ್ಛೆರೋಗದಿಂದ ಅವನ ಬಾಳು ಹಾಳಾಗಿತ್ತು. ೧೯೫೩ರಲ್ಲಿ ಶಸ್ತ್ರವೈದ್ಯರು ಅವನ ಎರಡೂ ಕಪೋಲಗಳ ಒಳಬದಿಯ ಮಿದುಳಿನ ಭಾಗವನ್ನು ತೆಗೆದುಹಾಕಿದರು. ಮೂರ್ಛೆಗಳು ಬಹಳಮಟ್ಟಿಗೆ ತಗ್ಗಿದವು. ಆದರೆ ಅವನು ಅಂದಿನಿಂದ ಹೊಸ ಸಂಗತಿ ಯಾವದನ್ನೂ ನೆನಪಿನಲ್ಲಿಡಲಾರದವನಾದನು. ಊಟವಾಯಿತೇ ಎಂದರೆ ತಿಳಿಯದು. ಅರ್ಧ ಗಂಟೆಯ ಹಿಂದೆ ಮಾತಾಡಿ ಹೋದವರು ಮರಳಿ ಬಂದರೆ ಹೊಸಬರು. ಬುದ್ಧಿಯು ಚುರುಕಾಗಿಯೇ ಇತ್ತು, ಮಾತು ಸಭ್ಯವಾಗಿತ್ತು, ಬಾಲ್ಯದ ನೆನಪುಗಳು ಉಳಿದಿದ್ದವು.

ಅವನನ್ನು ೧೯೫೫ರಿಂದ ಹಲವು ವರ್ಷಗಳ ವರೆಗೆ ತಾಳ್ಮೆಯಿಂದ ಪರೀಕ್ಷಿಸಿದವರು ಬ್ರೆಂಡಾ ಮಿಲ್ನರ್ ಎಂಬ ವಿದುಷಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ೧೯೧೮ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನೆಲಸಿದ ಈಕೆಯು ನೂರನೆಯ ಹುಟ್ಟುಹಬ್ಬವನ್ನು ಕಂಡವರು. ಈಕೆಯು ಹೆನ್ರಿಯ ಮುಂದೆ ಕನ್ನಡಿಯನ್ನಿಟ್ಟು, ಕನ್ನಡಿಯಲ್ಲಿ ಕಾಣುವ ನಕ್ಷತ್ರಾಕೃತಿಯ ಗೆರೆಯನ್ನು ನೋಡುತ್ತ ಅದರ ಮೇಲೆಯೇ ಪೆನ್ಸಿಲನ್ನು ನಡಿಸಲು ಹೇಳಿದರು. ಎಡವು ಬಲವಾಗಿ ಕಾಣುವ ಆ ಕೆಲಸವು ಯಾರಿಗೂ ಮೊದಲ ದಿನ ಕಷ್ಟವೇ. ಮೂರು ದಿನಗಳಲ್ಲಿ ಹೆನ್ರಿಯ ಕೈ ಚೆನ್ನಾಗಿ ಪಳಗಿತು. ಆದರೆ ಆ ಕೆಲಸವನ್ನು ತಾನು ಹಿಂದೆ ಮಾಡಿದ್ದೇನೆಂಬದು ಮಾತ್ರ ಅವನಿಗೆ ಒಮ್ಮೆಯೂ ನೆನಪಾಗಲಿಲ್ಲ. ಕೈಯ ನೆನಪು ಬೇರೆ, ನಡೆದ ಸಂಗತಿಯ ನೆನಪು ಬೇರೆ ಎಂಬದು ಈ ಒಂದು ನಕ್ಷತ್ರದಿಂದ ಲೋಕಕ್ಕೆ ತಿಳಿಯಿತು. ಸಂಗತಿಗಳ ನೆನಪಿಗೆ ಬೇಕಾದ, ಹೆನ್ರಿಯು ಕಳಕೊಂಡ ಆ ಭಾಗಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರು. ಕಡಲಕುದುರೆಯೆಂಬ ಸಣ್ಣ ಮೀನಿನ ಆಕಾರವಿದೆಯೆಂದು ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞರೊಬ್ಬರು ಇಟ್ಟ ಗ್ರೀಕ್ ಹೆಸರಿದು. ನಾವೂ ಇನ್ನು ಮುಂದೆ ಅದನ್ನು ಕಡಲಕುದುರೆಯೆಂದೇ ಕರೆಯುವೆವು. ಮಿದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದರಂತೆ ಇಂಥವು ಎರಡಿರುವವು.

ಇತ್ತ ಲಂಡನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಎಂಬವರು ಇಲಿಯ ಕಡಲಕುದುರೆಯೊಳಕ್ಕೆ ಕೂದಲಿನಷ್ಟು ಸಪುರವಾದ ತಂತಿಯನ್ನಿಳಿಸಿ, ಒಂದೊಂದು ನರಕೋಶವೂ ಯಾವಾಗ ಮಿಡಿಯುತ್ತದೆಂದು ಕೇಳುವ ಏರ್ಪಾಟು ಮಾಡಿದರು. (ನರಕೋಶವು ಕೆಲಸ ಮಾಡುವಾಗ ಅತಿಸೂಕ್ಷ್ಮವಾದ ವಿದ್ಯುತ್ತಿನ ಮಿಡಿತವುಂಟಾಗುವದು, ಅದನ್ನು ಯಂತ್ರದಿಂದ ಹಿಗ್ಗಿಸಿ ಟಕಟಕವೆಂಬ ಸದ್ದಾಗಿ ಕೇಳಬಹುದು.) ಇಲಿಯು ತನ್ನಷ್ಟಕ್ಕೆ ಓಡಾಡುತ್ತಿತ್ತು. ಒಂದು ಕೋಶವು ಬಹಳ ಹೊತ್ತು ಸುಮ್ಮನಿದ್ದು, ಇಲಿಯು ಒಂದು ಗೊತ್ತಾದ ಮೂಲೆಗೆ ಬಂದೊಡನೆ ಟಕಟಕನೆ ಮಿಡಿಯಿತು. ಇಲಿಯು ಅತ್ತ ಸರಿಯಲು ಸುಮ್ಮನಾಯಿತು. ಪಕ್ಕದ ಇನ್ನೊಂದು ಕೋಶವು ಆ ಮೂಲೆಯಲ್ಲಿ ಮಾತಾಡದೆ ಇನ್ನೊಂದು ಕಡೆಯಲ್ಲಿ ಮಾತಾಡಿತು. ಹೀಗೆ ಒಂದೊಂದು ಕೋಶವೂ ಒಂದೊಂದು ಜಾಗಕ್ಕೆ ಕಾವಲುಗಾರನಂತೆ ಇರುವದನ್ನು ಓಕೀಫರೂ ಅವರ ಶಿಷ್ಯ ಡೊಸ್ಟ್ರೋವ್‌ಸ್ಕಿಯವರೂ ೧೯೭೧ರಲ್ಲಿ ಪ್ರಕಟಿಸಿದರು. ಇವುಗಳಿಗೆ ಸ್ಥಳಕೋಶಗಳೆಂಬ ಹೆಸರು ಬಂದಿತು. ಟೋಲ್ಮನರು ಊಹಿಸಿದ ನಕ್ಷೆಯ ಒಂದು ತುಂಡು ಕಣ್ಣಿಗೆ ಬಿದ್ದಂತಾಯಿತು. ಬಹುಮಂದಿ ನಂಬಲಿಲ್ಲ, ಎಲ್ಲರೂ ನಂಬುವಂತಾಗಲು ಅನೇಕ ವರ್ಷಗಳು ಹಿಡಿದವು.

ಇದು ಇಲಿಯ ಮಾತಾಯಿತು, ಮನುಷ್ಯನಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗದ ನೆಲೆಯನ್ನು ಹುಡುಕಲು ಕೆಲವು ರೋಗಿಗಳ ಮಿದುಳಿನಲ್ಲಿ ವೈದ್ಯರು ಕೆಲವು ದಿನ ತಂತಿಗಳನ್ನಿಟ್ಟಿರುತ್ತಾರೆ. ಅಂಥವರಲ್ಲಿ ಕೆಲವರು ತಾವಾಗಿ ಒಪ್ಪಿ, ಕಂಪ್ಯೂಟರಿನ ಪರದೆಯ ಮೇಲಿನ ಒಂದು ಕಲ್ಪಿತ ಊರಿನಲ್ಲಿ ಟ್ಯಾಕ್ಸಿ ಓಡಿಸುವ ಆಟವನ್ನಾಡಿದರು. ಅವರ ಕಡಲಕುದುರೆಯಲ್ಲಿಯೂ ಊರಿನ ಗೊತ್ತಾದ ಸ್ಥಳದಲ್ಲಿ ಮಾತ್ರ ಮಿಡಿಯುವ ಕೋಶಗಳು ಇವೆಯೆಂಬದು ೨೦೦೩ರಲ್ಲಿ ಪ್ರಕಟವಾಯಿತು.

ಇನ್ನು ನಾರ್ವೆ ದೇಶಕ್ಕೆ ಹೋಗೋಣ. ಅಲ್ಲಿಯ ಪಡುವಣ ಕರಾವಳಿಯ ಒಂದು ದ್ವೀಪದ ಸಣ್ಣ ಒಕ್ಕಲುಮನೆಯಲ್ಲಿ ೧೯೬೩ರಲ್ಲಿ ಐದು ಮಕ್ಕಳಲ್ಲಿ ಕಿರಿಯವಳಾಗಿ ಹುಟ್ಟಿದ ಮೈ-ಬ್ರಿಟ್ ಮೋಸರ್ ಎಂಬಾಕೆಯು ತನ್ನ ಪತಿ ಎಡ್ವರ್ಡ್ ಮೋಸರರೊಡನೆ ಓಸ್ಲೋ ನಗರದಲ್ಲಿ ಓದಿ, ಲಂಡನಿನಲ್ಲಿ ಓಕೀಫರ ಬಳಿ ಕೆಲವು ಕಾಲ ಕೆಲಸ ಕಲಿತು, ೧೯೯೬ರಲ್ಲಿ ಟ್ರೊಂಡ್‌ಹೈಮ್ ಎಂಬ ಊರಿನಲ್ಲಿ ಪ್ರಯೋಗಶಾಲೆಯನ್ನು ತೆರೆದರು. ಕೈಗೂಸುಗಳನ್ನು ಸಾಕುತ್ತಲೇ ಇವರಿಬ್ಬರೂ ಈ ಕೆಲಸವನ್ನು ನಡಿಸಿದರೆಂಬದನ್ನು ನಮ್ಮ ತಾಯಂದಿರು ಗಮನಿಸಬೇಕು. ಅವರ ಪ್ರಶ್ನೆ ಇದು: ಕಡಲಕುದುರೆಯ ಕೋಶಗಳಿಗೆ ಸ್ಥಳದ ಸುದ್ದಿಯನ್ನು ತಂದು ಕೊಡುವವರು ಯಾರು? ಆ ಸುದ್ದಿಯು ಬರುವ ದಾರಿಯಲ್ಲಿ, ಕಡಲಕುದುರೆಯ ನೆರೆಯಲ್ಲಿರುವ ಎಂಟೊರೈನಲ್ ಎಂಬ ಪ್ರದೇಶದಲ್ಲಿ ಅವರು ತಂತಿಯನ್ನಿಳಿಸಿದರು. ನೆಲದ ಮೇಲೆ ಚೊಕೊಲೇಟಿನ ಚೂರುಗಳನ್ನು ಎರಚಿ, ಅವನ್ನು ಹೆಕ್ಕುವ ನೆಪದಲ್ಲಿ ಇಲಿಯು ಎಲ್ಲೆಡೆಯೂ ಓಡಾಡುವಂತೆ ಮಾಡಿದರು.

ಅಲ್ಲಿಯ ಕೋಶವು ಒಂದು ಸ್ಥಳದಲ್ಲಲ್ಲ, ಹಲವು ಸ್ಥಳಗಳಲ್ಲಿ ಮಿಡಿಯುತ್ತಿತ್ತು. ಮೊದಮೊದಲು ಇದರ ಅರ್ಥವಾಗಲಿಲ್ಲ. ಇಲಿಯು ಓಡಾಡುವ ಕಟ್ಟೆಯನ್ನು ದೊಡ್ಡದು ಮಾಡಿ, ಕೋಶವು ಮಿಡಿದಲ್ಲೆಲ್ಲ ಒಂದೊಂದು ಚುಕ್ಕೆಯನ್ನಿಟ್ಟು ನೋಡಿದಾಗ ಅವರ ಕಣ್ಣಮುಂದೆ ಮೂಡಿದ ಆಕೃತಿಯನ್ನು ನಮ್ಮ ನಾಡಿನ ಯಾವ ಹೆಂಗಸಿಗೂ ವಿವರಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ರಂಗೋಲಿಯನ್ನಿಡುವಾಗ ಮೊದಲ ಸಾಲಿನ ಎರಡು ಚುಕ್ಕೆಗಳ ನಡುವಣ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕೆಯು ಬರುವಂತೆ ಇಡುವ ಕ್ರಮವುಂಟಷ್ಟೆ? ಯಾವ ಚುಕ್ಕೆಯನ್ನು ಹಿಡಿದರೂ ಅದರ ಸುತ್ತಲೂ ಸಮದೂರದಲ್ಲಿ ಆರು ಚುಕ್ಕೆಗಳಿರುವವು. ಜೇನುಹುಟ್ಟಿನ ಕಣ್ಣುಗಳ ಜೋಡಣೆಯೂ ಇದೇ. ಇಲಿಯ ಮಿದುಳಿನ ಒಂದೊಂದು ಕೋಶವೂ ಅದು ನಡೆದಾಡುವ ನೆಲದ ಮೇಲೆ ಇಂಥ ಚುಕ್ಕೆಗಳ ಹಾಸನ್ನು ಹರಡಿಬಿಡುತ್ತದೆ. ಒಂದು ಕೋಶದ ಚುಕ್ಕೆಗಳು ಒತ್ತಾಗಿರುವವು, ಇನ್ನೊಂದರವು ದೂರದೂರವಾಗಿರುವವು. ಎಲ್ಲವೂ ಸೇರಿ ಅಳತೆಯ ಕೋಲುಗಳಂತಾಗುವವು. ಇವಕ್ಕೆ ಜಾಲಕೋಶಗಳೆಂದು ಹೆಸರು. ಶೋಧನೆಯು ಪ್ರಕಟವಾದದ್ದು ೨೦೦೫ರಲ್ಲಿ. ಆ ಹೊರಗಣ ನೆಲದ ಮೇಲೆ ಆರುಮೂಲೆಯ ಗುರುತು ಯಾವದೂ ಇರಲಿಲ್ಲ. ಈ ರಂಗೋಲಿಯು ಮಿದುಳು ತಾನೇ ಇಡುವದು. ಅದಕ್ಕಿಂತಲೂ ಸೋಜಿಗವೇನೆಂದರೆ, ದೀಪವನ್ನಾರಿಸಿ ಕತ್ತಲೆ ಮಾಡಿದಾಗಲೂ ಚುಕ್ಕೆಗಳು ಅಳಿಯಲಿಲ್ಲ. ಇಲಿಯು ತಾನಿಟ್ಟ ಹೆಜ್ಜೆಗಳ ಮತ್ತು ತಿರುವುಗಳ ಲೆಕ್ಕದಿಂದಲೇ ಅವನ್ನು ನಿಲ್ಲಿಸಿಕೊಳ್ಳುತ್ತಿತ್ತು. ಕತ್ತಲೆಯಲ್ಲಿ ಕೊಡದ ಮೇಲೆ ಕೈಯಿಟ್ಟ ಮನೆಯೊಡತಿಯ ಗುಟ್ಟು ಇಲ್ಲಿರುವದು.

ತಲೆಯು ಯಾವ ಕಡೆಗೆ ತಿರುಗಿದೆಯೆಂಬದನ್ನು ತಿಳಿಸುವ ದಿಕ್ಕಿನ ಕೋಶಗಳನ್ನು ೧೯೮೪ರಲ್ಲಿಯೇ ಅಮೇರಿಕಾದ ಜೇಮ್ಸ್ ರ‍್ಯಾಂಕ್ ಎಂಬವರು ಕಂಡಿದ್ದರು. ಕರಾವಳಿಯ ಹಳಬರು "ತುಸು ತೆಂಕಕ್ಕೆ ಸರಿದು ಕುಳಿತುಕೋ" ಎಂದು ಮನೆಯೊಳಗೂ ದಿಕ್ಕು ಹಿಡಿದು ಮಾತಾಡುವದುಂಟು. ಅವರ ಈ ಕೋಶಗಳು ಹಗಲಿರುಳೂ ಎಚ್ಚರವಾಗಿರಬೇಕೆಂದು ತಮಾಷೆಗೆ ಹೇಳಬಹುದು. ಇಲಿಮರಿಗಳಲ್ಲಿ ಈ ದಿಕ್ಕಿನ ಕೋಶಗಳು ಮರಿಯು ಗೂಡಿನಿಂದ ಮೊದಲ ಬಾರಿ ಹೊರಬೀಳುವ ಹೊತ್ತಿಗೇ ಸಿದ್ಧವಾಗಿರುತ್ತವೆಂದೂ, ಜಾಲಕೋಶಗಳು ಆಮೇಲೆ ಬಲಿಯುತ್ತವೆಂದೂ ೨೦೧೦ರಲ್ಲಿ ಲಂಡನ್ ಮತ್ತು ಟ್ರೊಂಡ್‌ಹೈಮ್ ಎರಡು ಕಡೆಗಳಿಂದಲೂ ಪ್ರಕಟವಾಯಿತು.

ಓಕೀಫರಿಗೂ ಮೋಸರ್ ದಂಪತಿಗಳಿಗೂ ೨೦೧೪ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಿತು. ಆ ಸಮಾರಂಭಕ್ಕೆ ಮೈ-ಬ್ರಿಟ್ ಮೋಸರರು ಜಾಲಕೋಶಗಳ ಚಿತ್ರವನ್ನು ಮಿನುಗುವ ಬಿಲ್ಲೆಗಳಿಂದ ಕಸೂತಿ ಹಾಕಿಸಿದ ಉಡುಪನ್ನುಟ್ಟು ಬಂದಿದ್ದರು. ಹೊಲಿಗೆಯ ತರಗತಿಯವರಿಗಾಗಿ ಇದನ್ನು ಇಲ್ಲಿ ಬರೆದಿದ್ದೇವೆ.

ಇಷ್ಟೆಲ್ಲ ನಕ್ಷೆಯು ಏತಕ್ಕೆ? ಗೋಡೆಗೆ ತೂಗಹಾಕಲಿಕ್ಕಲ್ಲ. ಮುಂದೆ ಏನು ಬರುವದೆಂದು ಮುಂಚಿತವಾಗಿ ಎಣಿಸಲಿಕ್ಕೆ. ಕತ್ತಲೆಯಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಲಿದೆಯೆಂದೆಣಿಸಿ ಕಾಲಿಟ್ಟು, ಅದು ಇಲ್ಲದೆ ನೆಲಕ್ಕೆ ಧಸಕ್ಕನೆ ಕಾಲು ತಗಲಿದ ಅನುಭವವು ಎಲ್ಲರಿಗೂ ಇದೆ. ಆ ಧಸಕ್ಕೇ ಸಾಕ್ಷಿ: ಕಾಲು ನೆಲವನ್ನು ಮುಟ್ಟುವ ಮೊದಲೇ ಮಿದುಳು ನೆಲವನ್ನು ಒಂದು ಎತ್ತರದಲ್ಲಿ ಇಟ್ಟಾಗಿತ್ತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿಯೇ, ನೋಡುವದೆಂದರೆ ನಮಗರಿಯದಂತೆ ನಡೆಯುವ ಊಹೆಯೆಂದು ಹೇಳಿದ್ದರು. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಬಿಳಿಯ ಕಾಗದದ ಮೇಲೆ ಎಡಕ್ಕೆ ಒಂದು ಸಣ್ಣ ಕೂಡುಗುರುತನ್ನೂ ಅದರ ಬಲಕ್ಕೆ ೮ ಸೆಂಟಿಮೀಟರ್ ದೂರದಲ್ಲಿ ಒಂದು ಕಪ್ಪು ಚುಕ್ಕೆಯನ್ನೂ ಬರೆದುಕೊಳ್ಳಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಕೂಡುಗುರುತನ್ನೇ ನೋಡುತ್ತ ಕಾಗದವನ್ನು ತೋಳಿನಷ್ಟು ದೂರದಿಂದ ಮೆಲ್ಲಮೆಲ್ಲನೆ ಹತ್ತಿರಕ್ಕೆ ತನ್ನಿರಿ. ಸುಮಾರು ೩೦ ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆಯು ಮಾಯವಾಗುವದು. ಕಣ್ಣಿನ ಹಿಂಬದಿಯಲ್ಲಿ ನರವು ಹೊರಡುವ ಜಾಗಕ್ಕೆ ನೋಡುವ ಶಕ್ತಿಯಿಲ್ಲದಿರುವದೇ ಕಾರಣ. ಚುಕ್ಕೆಯು ಮಾಯವಾದದ್ದು ಆಶ್ಚರ್ಯವಲ್ಲ. ಅದು ಇದ್ದಲ್ಲಿ ತೂತು ಕಾಣದೆ ಬಿಳಿಯ ಕಾಗದವೇ ಕಾಣುವದು ಆಶ್ಚರ್ಯವು. ಸುತ್ತಲೂ ಬಿಳುಪಿದೆ, ನಡುವೆಯೂ ಬಿಳುಪೇ ಇರಬೇಕೆಂದು ಮಿದುಳು ತುಂಬಿಕೊಂಡಿತು. ಬಾಳೆಲ್ಲ ಈ ತೇಪೆಯೊಡನೆಯೇ ನಾವು ಲೋಕವನ್ನು ನೋಡುತ್ತಿದ್ದೇವೆ.

ಮಾತಿನಲ್ಲಿಯೂ ಹೀಗೆಯೇ. "ಅಜ್ಜಿಯು ಬಿಸಿ ಅನ್ನಕ್ಕೆ ತುಪ್ಪವನ್ನೂ ಸಾಬೂನನ್ನೂ ಹಾಕಿ ಕಲಸಿದಳು" ಎಂದು ಓದಿದೊಡನೆ ಮನಸ್ಸು ತಟ್ಟನೆ ನಿಲ್ಲುವದಷ್ಟೆ? ಅಮೇರಿಕಾದ ಮಾರ್ಟಾ ಕುಟಾಸ್ ಎಂಬ ವಿದುಷಿಯು ತನ್ನ ಸಹೋದ್ಯೋಗಿ ಹಿಲ್ಯಾರ್ಡರೊಂದಿಗೆ ೧೯೮೦ರಲ್ಲಿ ಇಂಥ ವಾಕ್ಯಗಳನ್ನು ಓದುವವರ ತಲೆಯ ಮೇಲೆ ವಿದ್ಯುತ್ತಿನ ಮಿಡಿತಗಳನ್ನಳೆದು, ಹೊಂದದ ಶಬ್ದವು ಬಂದ ಬಳಿಕ ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಹೊತ್ತಿಗೆ ಒಂದು ವಿಶೇಷವಾದ ಅಲೆಯೇಳುವದನ್ನು ತೋರಿಸಿದರು. ಕಚಗುಳಿಯ ಮಾತನ್ನೂ ಹೇಳಬೇಕು. ತನಗೆ ತಾನೇ ಕಚಗುಳಿಯಿಟ್ಟುಕೊಂಡು ನಗುವವರಿಲ್ಲ. ತನ್ನ ಕೈ ಮಾಡಲಿರುವದನ್ನು ಮಿದುಳು ಮುಂದಾಗಿ ತಿಳಿದು ಆ ಸ್ಪರ್ಶವನ್ನು ತಗ್ಗಿಸಿಬಿಡುವದೇ ಇದಕ್ಕೆ ಕಾರಣ. ಲಂಡನಿನ ಸಾರಾ-ಜೇನ್ ಬ್ಲೇಕ್‌ಮೋರರೂ ಸಂಗಡಿಗರೂ ೧೯೯೯ರಲ್ಲಿ, ಒಬ್ಬರ ಕೈಯ ಚಲನೆಯನ್ನು ಯಂತ್ರದ ಮೂಲಕ ಅವರದೇ ಅಂಗೈಗೆ ತುಸು ತಡಮಾಡಿ ಮುಟ್ಟಿಸಿದಾಗ ಕಚಗುಳಿಯು ಹೆಚ್ಚುವದನ್ನು ತೋರಿಸಿದರು. ಎಣಿಸಿದ ಗಳಿಗೆಗೆ ಬಾರದಿದ್ದರೆ ತನ್ನ ಕೈಯೂ ಪರರ ಕೈಯಂತೆಯೇ.

ದಾರಿಯ ವಿಷಯಕ್ಕೆ ಮರಳೋಣ. ೨೦೧೩ರಲ್ಲಿ ಅಮೇರಿಕಾದ ಫೈಫರ್ ಮತ್ತು ಫಾಸ್ಟರ್ ಎಂಬವರು, ಆಹಾರವಿರುವ ಸ್ಥಳವನ್ನು ಬಲ್ಲ ಇಲಿಯು ಹೊರಡುವ ಮೊದಲು ಅರೆಗಳಿಗೆ ನಿಂತಾಗ, ಅದು ಇನ್ನು ಹೋಗಬೇಕಾದ ದಾರಿಯ ಸ್ಥಳಕೋಶಗಳು ಸಾಲಾಗಿ ಒಂದಾದ ಮೇಲೊಂದು ಮಿಡಿಯುವದನ್ನು ಕಂಡರು. ಕಾಲುಗಳಿಗಿಂತ ಮೊದಲು ಕೋಶಗಳು ಹೋಗಿ ಬರುತ್ತವೆ. ನಡೆದ ದಾರಿಯನ್ನು ನಿದ್ರೆಯಲ್ಲಿ ಮತ್ತೆ ಮಿಡಿಯುವದೂ ಉಂಟೆಂದು ೧೯೯೪ರಲ್ಲಿಯೇ ತಿಳಿದಿತ್ತು. ನೆನಪೂ ದಾರಿಯೂ ಮುಂದಾಲೋಚನೆಯೂ ಒಂದೇ ಕಡಲಕುದುರೆಯ ಬೆನ್ನೇರಿ ಹೋಗುವದೆಂದು ಹೇಳಿದರೆ ಹೆಚ್ಚಾಗದು.

ಈಗ ನಾವು ಮುಖ್ಯವೆಂದೆಣಿಸುವ ಸಂಗತಿಗೆ ಬಂದೆವು. ಈ ನಕ್ಷೆಯ ಶಕ್ತಿಯು ಹುಟ್ಟಿನಿಂದ ಇಷ್ಟೆಂದು ಅಳೆದು ಕೊಟ್ಟದ್ದೋ, ದುಡಿಸಿದರೆ ಬೆಳೆಯುವದೋ? ಲಂಡನಿನಲ್ಲಿ ಟ್ಯಾಕ್ಸಿ ಓಡಿಸುವ ಪರವಾನಗಿ ಬೇಕಾದರೆ ಛೇರಿಂಗ್ ಕ್ರಾಸ್ ಎಂಬ ನಡುಸ್ಥಳದಿಂದ ಆರು ಮೈಲುಗಳೊಳಗಿನ ಸುಮಾರು ೨೫,೦೦೦ ಬೀದಿಗಳನ್ನು ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಕೊಡಬೇಕು. ಅದಕ್ಕೆ ಮೂರು ನಾಲ್ಕು ವರ್ಷಗಳ ಓದು ಬೇಕು. ಐರ್ಲಂಡಿನ ಡಬ್ಲಿನಿನಲ್ಲಿ ೧೯೭೦ರಲ್ಲಿ ಹುಟ್ಟಿದ ಎಲಿನರ್ ಮಗ್ವಾಯರ್ ಎಂಬ ವಿದುಷಿಯು ಈ ಚಾಲಕರಲ್ಲಿ ೧೬ ಮಂದಿಯ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ನೋಡಿ, ಕಡಲಕುದುರೆಯ ಹಿಂಭಾಗವು ಇತರರಿಗಿಂತ ಅವರಲ್ಲಿ ದೊಡ್ಡದಾಗಿದೆಯೆಂದೂ, ಟ್ಯಾಕ್ಸಿ ಓಡಿಸಿದ ವರ್ಷಗಳು ಹೆಚ್ಚಿದಷ್ಟೂ ಅದು ಹೆಚ್ಚು ದೊಡ್ಡದೆಂದೂ ೨೦೦೦ದಲ್ಲಿ ತಿಳಿಸಿದರು. ಮುಂಭಾಗವು ತುಸು ಸಣ್ಣದಾಗಿತ್ತೆಂಬದನ್ನೂ ಮರೆಮಾಡಲಿಲ್ಲ. ದೊಡ್ಡ ಕಡಲಕುದುರೆಯಿದ್ದವರೇ ಈ ಕಸುಬಿಗೆ ಬಂದಿರಬಾರದೇಕೆ ಎಂಬ ಆಕ್ಷೇಪಕ್ಕೆ ಉತ್ತರವಾಗಿ, ಕಲಿಯಲು ತೊಡಗಿದ ೭೯ ಜನರನ್ನು ಮೊದಲೇ ಪರೀಕ್ಷಿಸಿಟ್ಟುಕೊಂಡು ವರ್ಷಗಳ ಬಳಿಕ ಮತ್ತೆ ನೋಡಿದರು. ತೊಡಗುವಾಗ ಎಲ್ಲರೂ ಒಂದೇ ಸಮನಾಗಿದ್ದರು; ತೇರ್ಗಡೆಯಾದ ೩೯ ಮಂದಿಯಲ್ಲಿ ಮಾತ್ರ ಆ ಭಾಗವು ಬೆಳೆದಿತ್ತು. ಇದು ೨೦೧೧ರ ಮಾತು. ೨೦೨೫ರ ಜನವರಿಯಲ್ಲಿ ತೀರಿಕೊಂಡ ಈ ವಿದುಷಿಯು, ತನಗೆ ಮಾತ್ರ ದಾರಿ ಹುಡುಕುವದು ಸುತರಾಂ ಬಾರದೆಂದು ಹೇಳಿಕೊಂಡು ನಗುತ್ತಿದ್ದರು.

ಬೆಳೆಯುವದು ಹಾಗಿರಲಿ, ದುಡಿಸದಿದ್ದರೆ ಏನಾಗುವದು? ೧೯೬೩ರಲ್ಲಿ ಅಮೇರಿಕಾದ ಹೆಲ್ಡ್ ಮತ್ತು ಹೈನ್ ಎಂಬವರು ಕತ್ತಲೆಯಲ್ಲಿ ಬೆಳೆದ ಬೆಕ್ಕಿನ ಮರಿಗಳನ್ನು ಜೋಡಿಜೋಡಿಯಾಗಿ ಒಂದು ತಿರುಗುಕೋಲಿಗೆ ಕಟ್ಟಿದರು. ಒಂದು ಮರಿಯು ತನ್ನ ಕಾಲಿನಿಂದ ನಡೆದು ಸುತ್ತುವದು. ಇನ್ನೊಂದು ತೊಟ್ಟಿಲಿನಂಥ ಬುಟ್ಟಿಯಲ್ಲಿ ಕುಳಿತು ಅದೇ ಸುತ್ತನ್ನು ಸುತ್ತುವದು. ಎರಡರ ಕಣ್ಣಿಗೂ ಬಿದ್ದ ನೋಟವು ಒಂದೇ. ಕೆಲವು ವಾರಗಳ ಬಳಿಕ ನಡೆದ ಮರಿಯು ಎತ್ತರತಗ್ಗುಗಳನ್ನು ಅರಿತು ನಡೆಯಿತು. ಬುಟ್ಟಿಯಲ್ಲಿ ಕುಳಿತದ್ದು ಮುಂದೆ ಪ್ರಪಾತವಿದ್ದರೂ ಅರಿಯದು, ಮುಖದತ್ತ ಬರುವ ವಸ್ತುವಿಗೆ ರೆಪ್ಪೆ ಮುಚ್ಚದು. ನೋಡುತ್ತ ಕುಳಿತದ್ದರಿಂದ ಅದು ಏನನ್ನೂ ಕಲಿತಿರಲಿಲ್ಲ. ಬೆಳಕಿನಲ್ಲಿ ತಾನೇ ತಿರುಗಾಡಲು ಬಿಟ್ಟ ಎರಡು ದಿನಗಳಲ್ಲಿ ಅದೂ ಸರಿಹೋಯಿತೆಂಬದು ಸಂತೋಷದ ಸಂಗತಿ.

ನಮ್ಮ ಮನೆಗಳ ಎಷ್ಟು ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಕುಳಿತು ಬೆಳೆಯುತ್ತಾರೆ! ಅಣ್ಣನ ಬೈಕಿನ ಹಿಂದೆ ಕುಳಿತು ಶಾಲೆಗೆ, ತಂದೆಯ ಕಾರಿನಲ್ಲಿ ಪೇಟೆಗೆ, ಶಾಲೆಯ ವ್ಯಾನಿನಲ್ಲಿ ಮನೆಗೆ. ಆಮೇಲೆ "ಹುಡುಗಿಯರಿಗೆ ದಾರಿ ನೆನಪಿರುವದಿಲ್ಲ" ಎಂಬ ಮಾತನ್ನೂ ಆಡುವೆವು. ೨೦೧೬ರಲ್ಲಿ ಇಂಗ್ಲೆಂಡಿನ ಶಾಸ್ತ್ರಜ್ಞರು ಮೊಬೈಲಿನಲ್ಲಿ ಆಡುವ ಒಂದು ದೋಣಿಯಾಟವನ್ನು ಲೋಕಕ್ಕೆ ಹಂಚಿದರು. ನಕ್ಷೆಯನ್ನು ಒಮ್ಮೆ ನೋಡಿಕೊಂಡು, ಆಮೇಲೆ ನೆನಪಿನ ಬಲದಿಂದ ದೋಣಿಯನ್ನು ನಡಿಸಬೇಕಾಗಿತ್ತು. ಆಡಿದವರ ದಾರಿ ತಿಳಿಯುವ ಶಕ್ತಿಯ ಲೆಕ್ಕವು ಅವರಿಗೆ ತಲಪುತ್ತಿತ್ತು. ೫೭ ದೇಶಗಳ ಐದು ಲಕ್ಷಕ್ಕೂ ಮಿಕ್ಕ ಜನರ ಲೆಕ್ಕವನ್ನು ೨೦೧೮ರಲ್ಲಿ ಪ್ರಕಟಿಸಿದಾಗ ಕಂಡದ್ದೇನೆಂದರೆ, ಗಂಡಸರಿಗೂ ಹೆಂಗಸರಿಗೂ ಈ ಶಕ್ತಿಯಲ್ಲಿರುವ ಅಂತರವು ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲ. ಸ್ತ್ರೀಪುರುಷರಿಗೆ ಸಮಾನವಾದ ಅವಕಾಶಗಳು ಹೆಚ್ಚಾಗಿರುವ ದೇಶಗಳಲ್ಲಿ ಅದು ಕಿರಿದು, ಕಡಿಮೆಯಿರುವ ದೇಶಗಳಲ್ಲಿ ಹಿರಿದು. ಇದರಿಂದಲೇ ಅದು ಉಂಟಾಯಿತೆಂದು ಇಂಥ ಲೆಕ್ಕವು ಸಿದ್ಧಮಾಡಿ ತೋರಿಸಲಾರದು. ಆದರೂ ಹುಟ್ಟುಗುಣವೊಂದೇ ಕಾರಣವಾಗಿದ್ದರೆ ದೇಶದೇಶಕ್ಕೆ ಅಂತರವು ಹೀಗೆ ಬೇರೆಯಾಗಬೇಕಾದ್ದೇನಿತ್ತು? ಅದೇ ಆಟದಿಂದ ೨೦೨೨ರಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯು ನಮ್ಮ ಹಳ್ಳಿಗಳವರಿಗೆ ಹಿತವಾದದ್ದು: ಹಳ್ಳಿಗಾಡಿನಲ್ಲಿ ಬೆಳೆದವರು ನಗರಗಳಲ್ಲಿ ಬೆಳೆದವರಿಗಿಂತ ದಾರಿ ತಿಳಿಯುವದರಲ್ಲಿ ಮೇಲು, ಚದುರಂಗದ ಮಣೆಯಂತೆ ನೆಟ್ಟಗಿನ ಬೀದಿಗಳುಳ್ಳ ನಗರಗಳ ದೇಶಗಳಲ್ಲಿ ಈ ವ್ಯತ್ಯಾಸವು ಇನ್ನೂ ಹೆಚ್ಚು.

ಹೆಣ್ಣುಮಕ್ಕಳ ರಕ್ಷಣೆಯ ಚಿಂತೆಯನ್ನು ನಾವು ಹಗುರವಾಗಿ ಕಾಣುವದಿಲ್ಲ. ತಾಯಿತಂದೆಗಳ ಭಯಕ್ಕೆ ಕಾರಣಗಳುಂಟು. ಆದರೆ ಹಿಂದೆ ಕುಳಿತ ಹುಡುಗಿಗೆ "ಇವತ್ತು ನೀನೇ ದಾರಿ ಹೇಳಮ್ಮ" ಎನ್ನಲು ಭಯಪಡಬೇಕಾದ್ದಿಲ್ಲ. ಹೊಸ ಊರಿನಲ್ಲಿ ಮೊಬೈಲಿನ ನಕ್ಷೆಯು ಹೇಳಿದಲ್ಲಿ ತಿರುಗುವ ಮೊದಲು, ಅದನ್ನು ಒಮ್ಮೆ ಪೂರ್ತಿಯಾಗಿ ನೋಡಿ ಮುಚ್ಚಿ ಹೊರಡುವದಕ್ಕೂ ಖರ್ಚಿಲ್ಲ.

ಮನೆಯ ಹಿರಿಯರ ವಿಷಯವಾಗಿ ಇನ್ನೊಂದು ಮಾತನ್ನು ಬರೆಯಬೇಕು. ಅಲ್ಝೈಮರ್ ಎಂಬ ಮರವಿನ ರೋಗವು ಮಿದುಳಿನಲ್ಲಿ ಮೊಟ್ಟಮೊದಲು ಕೆಡಿಸುವ ಜಾಗಗಳಲ್ಲಿ ಎಂಟೊರೈನಲ್ ಪ್ರದೇಶವೂ ಒಂದು. ರಂಗೋಲಿಯ ಚುಕ್ಕೆಗಳು ಇರುವದು ಅಲ್ಲಿಯೇ. ಆದ್ದರಿಂದ ನಲವತ್ತು ವರ್ಷ ನಡೆದ ಪೇಟೆಯ ದಾರಿಯಲ್ಲಿ ಅಜ್ಜಿಯು ಒಂದು ದಿನ ಕಂಗೆಟ್ಟು ನಿಂತರೆ, ಅದನ್ನು ಹಟವೆಂದೋ ಅಲಕ್ಷ್ಯವೆಂದೋ ಗದರಿಸಬಾರದು. ಹೆಸರು ಮರೆಯುವದು ಮುಪ್ಪಿನಲ್ಲಿ ಸಾಮಾನ್ಯವು. ಬಲ್ಲ ದಾರಿಯು ಪದೇಪದೇ ತಪ್ಪುವದು ವೈದ್ಯರಿಗೆ ತಿಳಿಸಬೇಕಾದ ಸಂಗತಿಯು. ಅವರ ಹಾಸಿಗೆ, ಊರುಗೋಲು, ನೀರಿನ ಚೊಂಬುಗಳ ಜಾಗವನ್ನು ಬದಲಿಸದೆ ಇರುವದು ಮನೆಯವರು ಮಾಡಬಹುದಾದ ಸಣ್ಣ ಉಪಕಾರವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳಿನ ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ೪೫ ವರ್ಷ ತುಂಬಿದ ಹತ್ತು ಸಾವಿರ ಜನರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಹೋಗುವ ಉದ್ದೇಶದಿಂದ ಒಂದು ಕೆಲಸವನ್ನು ಕೈಕೊಂಡಿರುವರು. ಲಂಡನಿನ ಚಾಲಕರ ಮಿದುಳನ್ನು ಬಲ್ಲ ಲೋಕಕ್ಕೆ ಮಾವಿನ ತೋಟದ ರೈತರ ಮುಪ್ಪಿನ 
ವಿಷಯವೂ ಹೀಗೆ ತಿಳಿಯಲಿದೆ.

ಪಾಠವೆಂದ ಮೇಲೆ ಅಭ್ಯಾಸವೂ ಇರಬೇಕಷ್ಟೆ? ಹೆನ್ರಿ ಮೊಲೈಸನನು ಶಸ್ತ್ರಚಿಕಿತ್ಸೆಯಾದ ಐದು ವರ್ಷಗಳ ಮೇಲೆ ಹೊಸ ಮನೆಯೊಂದಕ್ಕೆ ಹೋಗಿ ಅಲ್ಲಿ ಹದಿನಾರು ವರ್ಷ ಬಾಳಿದನು. ಹೊಸದೇನನ್ನೂ ನೆನಪಿಡಲಾರದ ಆ ಮನುಷ್ಯನು, ವರ್ಷಗಟ್ಟಲೆ ದಿನವೂ ಕೋಣೆಯಿಂದ ಕೋಣೆಗೆ ನಡೆದಾಡಿದ ಬಲದಿಂದಲೋ ಏನೋ, ಆ ಮನೆಯ ನಕ್ಷೆಯನ್ನು ಮಾತ್ರ ಸರಿಯಾಗಿ ಬರೆದು ತೋರಿಸಿದನು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಒಂದು ಹಾಳೆ ಕಾಗದವನ್ನು ತೆಗೆದುಕೊಂಡು, ಯಾರನ್ನೂ ಕೇಳದೆ, ಚಿತ್ರಗಳನ್ನು ನೋಡದೆ, ಶಾಲೆಯ ನಕ್ಷೆಯನ್ನು ಬರೆಯಲಿ: ಗೇಟು, ಗಂಟೆ ಕಟ್ಟಿದ ಸ್ಥಳ, ಬಾವಿ, ತರಗತಿಗಳ ಸಾಲು, ತಾವು ಕುಳಿತಿದ್ದ ಬೆಂಚು. ಬರೆಯುವಾಗ ಮರೆತ ಗೆಳತಿಯರ ಹೆಸರುಗಳು ಒಂದೊಂದಾಗಿ ಬರತೊಡಗಿದರೆ ಅವನ್ನೂ ಆಯಾ ಬೆಂಚಿನ ಮೇಲೆ ಗುರುತಿಸಬಹುದು. ಬಡಗಣ ದಿಕ್ಕು ಕಾಗದದ ಮೇಲ್ಗಡೆಗೆ ಬರಲಿ.